ಕಂಪ್ಯೂಟರಿನೊಳಗಿನ ಬಸ್ ತಂಗುದಾಣ

ಕೆಲಸ ಮಾಡದೇ ಇರುವುದಕ್ಕೆ ನಮ್ಮ ಬಸ್ ಕಚೇರಿಯಲ್ಲಿ ಯಾವತ್ತೂ ಕಾರಣಗಳಿಗೆ ಬರವಿರಲಿಲ್ಲ. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಬಂದ ಮೇಲಂತೂ ವಾರಕ್ಕೊಂದು ತಮಾಷೆ. ಊರಾಚೆಯ ಬಸ್ ಸ್ಟಾಪುಗಳ ವಿವರವನ್ನೆಲ್ಲ ಆ ಪೆಟ್ಟಿಗೆಗೆ ತುಂಬುವ ಕರ್ಮ ಗುಮಾಸ್ತನಾದ ನನ್ನ ಪಾಲಿಗೆ ಬಂತು.

೧. ಗರ್ಭಗುಡಿ

ಕಂಪ್ಯೂಟರಿಗೆ ಎ.ಸಿ. ಕೋಣೆ. ಚಪ್ಪಲಿ ಹೊರಗೆ. ಬೀಗದ ಕೈ ಸಾಹೇಬರ ಜೇಬಿನಲ್ಲಿ. ಆಯುಧಪೂಜೆಯ ದಿನ ಸಾಹೇಬರೇ ಮುಂದೆ ನಿಂತು ಫ್ಲಾಪಿ ತೂರಿಸುವ ಕಿಂಡಿಗೆ ಧಾರಾಳವಾಗಿ ಕುಂಕುಮ ಹಚ್ಚಿಸಿದರು. ಮರುದಿನ ಅದು ಯಾವ ಫ್ಲಾಪಿಯನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ರಿಪೇರಿಯವನು ಕುಂಕುಮ ಕೆದಕಿ ತೆಗೆಯುತ್ತಿದ್ದರೆ ಸಾಹೇಬರು ಹಿಂದೆ ನಿಂತು ಹೇಳಿದರು: "ಪೂರ್ತಿ ತೆಗೀಬೇಡಿ ಕಣ್ರೀ, ಶಾಸ್ತ್ರಕ್ಕೆ ಸ್ವಲ್ಪ ಇರ್ಲಿ."

೨. ಹಸಿರು ಚಾವಣಿ

ಸ್ಟಾಪುಗಳ ಸರ್ವೆಗೆ ಡಿಪೋದ ಸೂಪರ್‌ವೈಸರ್ ಒಬ್ಬನನ್ನು ಕಳಿಸಿದರು. ಮಹಾನುಭಾವ ಬಸ್ಸಿನಿಂದ ಇಳಿಯಲೇ ಇಲ್ಲ. ಕಿಟಕಿ ಪಕ್ಕ ಕೂತು ಫಾರಂ ತುಂಬಿಸಿದ. ಕಾಡುಗೋಡಿ ಹತ್ತಿರದ ಒಂದು ಸ್ಟಾಪಿನಲ್ಲಿ ಫ್ಯಾಕ್ಟರಿ ಹೆಂಗಸರು ಹೊಂಗೆ ಮರದ ಕೆಳಗೆ ನಿಂತಿದ್ದರು. ಇವನು ಬರೆದ: 'ತಂಗುದಾಣ ಇದೆ. ಚಾವಣಿ ಹಸಿರು. ಕಂಬ ಒಂದು.'

"ಅಲ್ರೀ, ಅದು ಮರ ಅಲ್ವಾ?" ಅಂದೆ.

"ಫಾರಂನಲ್ಲಿ ಮರಕ್ಕೆ ಕಾಲಂ ಎಲ್ಲಿದೆ ಸಾರ್?"

ಸಾಹೇಬರ ಸಹಿ ಆಗಲೇ ಬಿದ್ದಿತ್ತು. ಅದನ್ನು ತಿದ್ದುವ ಧೈರ್ಯ ನನಗಿರಲಿಲ್ಲ, ಈಗಲೂ ನಾಚಿಕೆಯಾಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡಿದೆ. ಕೊನೆಯ ಕಾಲಂ 'ದುರಸ್ತಿ'. ಅಲ್ಲಿ ಅವನು ಬರೆದಿದ್ದ: 'ಚಾವಣಿ ಉದುರುತ್ತಿದೆ.'

೩. ಕಿತ್ತು ಕೊಡ್ರಿ

ಮುಂದಿನ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವವರು ಮರವನ್ನು ಕಡಿದು ಹಾಕಿದರು. ಆ ಸ್ಟಾಪಿನ ಹೆಂಗಸರ ಪರವಾಗಿ ಒಬ್ಬಾಕೆ ಅರ್ಜಿ ಹಿಡಿದು ಬಂದಳು. ಗುಲ್ಬರ್ಗ ಕಡೆಯವಳು, ವೈಟ್‌ಫೀಲ್ಡಿನ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ.

"ಗಿಡಾ ಕಡದಾರ್ರಿ ಸಾಹೇಬ್ರ. ಬಿಸಲಾಗ ನಿಂತು ನಿಂತು ಒಬ್ಬಾಕಿ ತಲಿ ತಿರುಗಿ ಬಿದ್ದಾಳ್ರಿ. ಆಕಿ ಎರಡು ಜೀವದಾಕಿ. ನಾಕು ತಗಡರ ಹಾಕ್ಸಿಕೊಡ್ರಿ."

ಸಾಹೇಬರು ಪ್ರಿಂಟ್‌ಔಟ್ ತರಿಸಿ ಬೆರಳಿಟ್ಟು ತೋರಿಸಿದರು. "ನೋಡಮ್ಮ, ಅಲ್ಲಿ ತಂಗುದಾಣ ಇದೆ. ಕಂಪ್ಯೂಟರ್ ಸುಳ್ಳು ಹೇಳುತ್ತಾ?"

ಅವಳು ಹಾಳೆಯನ್ನೂ ಅವರ ಮುಖವನ್ನೂ ನೋಡಿದಳು. "ಹಂಗಾರ ಅದನ್ನ ಕಂಪ್ಯೂಟರಿನಾಗಿಂದ ಕಿತ್ತು ಕೊಡ್ರಿ. ನಾವ ಹೊತ್ಕೊಂಡು ಹೋಗ್ತೀವಿ."

೪. ಕೆಡವುವುದಕ್ಕೆ ಕಟ್ಟಿದ್ದು

ಅವಳು ಪ್ರತಿ ವಾರದ ರಜೆಗೂ ಬಂದು ಕೂರತೊಡಗಿದಾಗ ಸಾಹೇಬರಿಗೆ ತಲೆನೋವಾಯಿತು. ರೆಕಾರ್ಡಿನಲ್ಲಿ ತಂಗುದಾಣ ಇರುವ ಕಡೆ ಇನ್ನೊಂದು ಕಟ್ಟುವಂತಿಲ್ಲ. ಹಳೆಯದನ್ನು ಕೆಡವಿದ ಸರ್ಟಿಫಿಕೇಟು ಬೇಕು. ಅದಕ್ಕೆ ಎರಡು ಫೋಟೋ: ಕೆಡವುವ ಮುಂಚಿನದು, ಕೆಡವಿದ ಮೇಲಿನದು.

"ಇಲ್ಲದ್ದನ್ನ ಹೆಂಗೆ ಸಾರ್ ಕೆಡವೋದು?" ಅಂದ ಕಂಟ್ರಾಕ್ಟರ್.

"ಮೊದಲು ಕಟ್ರೀ, ಆಮೇಲೆ ಕೆಡವಿ. ಇಷ್ಟೂ ಗೊತ್ತಾಗಲ್ವಾ?"

ಅವನು ಸರ್ವೆ ಮರದ ನಾಲ್ಕು ಕಂಬ ನೆಟ್ಟು, ಮೇಲೆ ತಗಡು ಹೊದಿಸಿದ. ಮೊದಲ ಫೋಟೋ ಆಯಿತು. ಕೆಡವಲು ಹಾರೆ ತರುವಷ್ಟರಲ್ಲಿ ಶಿಫ್ಟು ಬಿಟ್ಟು ಬಂದ ಹೆಂಗಸರು ಅದರ ಕೆಳಗೆ ಕೂತೇಬಿಟ್ಟರು. ನಡುವೆ ಆ ಬಸುರಿ. ಏಳಿ ಅಂದರೆ ಏಳಲಿಲ್ಲ.

ಸಾಹೇಬರೇ ನನ್ನನ್ನೂ ಹತ್ತಿಸಿಕೊಂಡು ಜೀಪಿನಲ್ಲಿ ಬಂದರು. ಕೈಯಲ್ಲಿದ್ದ ಪ್ರಿಂಟ್‌ಔಟ್ ನೋಡಿದರು, ತಗಡು ನೋಡಿದರು, ಮುಖ ಅರಳಿತು. "ಹೇಳಲಿಲ್ವಾ ನಾನು? ಇಲ್ಲೊಂದು ತಂಗುದಾಣ ಇದ್ದೇ ಇದೆ!" ಇನ್ನೇನು ಎಲ್ಲ ಸರಿಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಅವರು ಕಂಬಗಳನ್ನು ಎಣಿಸಿದರು. ಹುಬ್ಬು ಗಂಟಾಯಿತು.

"ರೆಕಾರ್ಡಿನಲ್ಲಿ ಕಂಬ ಒಂದೇ ಅಂತಿದೆ. ಮಿಕ್ಕ ಮೂರನ್ನ ಕೀಳಿಸ್ರೀ."

ಗುಲ್ಬರ್ಗದಾಕೆ ಕೂತಲ್ಲಿಂದ ಏಳದೆ ಹೇಳಿದಳು: "ಕೀಳಸ್ರಿ ಸಾಹೇಬ್ರ. ಮೊದಲ ನೀವು ಒಳಗ ಬಂದು ನಿಂದರ್ರಿ."