ಸೊಣ್ಣಮ್ಮಳ ಎಂಬತ್ತೊಂದು ಅಂಕಗಳ ವಿಲೇವಾರಿ

ಕಾಲೇಜು ಪ್ರವೇಶ ವಿಭಾಗ, ಗಂಗಾನಗರ
ಸಂಖ್ಯೆ: ಪ್ರವಿ/ಅಂಕ/ಮರುಅಂಕ/ಮರುಮರುಅಂಕ/1983-84
ದಿನಾಂಕ: 4-7-1983

ವಿಷಯ: ಪ್ರವೇಶ ಪರೀಕ್ಷೆಯನ್ನು ಒಂದಕ್ಕಿಂತ ಹೆಚ್ಚು ಬಾರಿ ಬರೆದವರ ಅಂಕಗಳನ್ನು ಪರಿಗಣಿಸುವ ಕುರಿತು.
ಉಲ್ಲೇಖ: ಸೋಲದೇವನಹಳ್ಳಿಯ ಕು. ಸೊಣ್ಣಮ್ಮ ಮಾಡಿದ ಮೌಖಿಕ ಗಲಾಟೆ, ದಿ. 2-7-1983.

ಸದರಿ ಸೊಣ್ಣಮ್ಮ ಪರೀಕ್ಷೆಯನ್ನು ಮೂರು ಬಾರಿ ಬರೆದು ಕ್ರಮವಾಗಿ 38, 59 ಹಾಗೂ 81 ಅಂಕ ಪಡೆದಿರುತ್ತಾಳೆ. 38ನ್ನು ಪರಿಗಣಿಸಿ ಆಕೆಗೆ ಬಿ.ಎಸ್ಸಿ. ಸೀಟು ನಿರಾಕರಿಸಲಾಗಿದೆ. ವಯೋಮಿತಿಯ ಪ್ರಕಾರ ಆಕೆಗೆ ಇದೇ ಕೊನೆಯ ವರ್ಷ.

ಎರಡು ಬಸ್ಸು ಬದಲಿಸಿ ಬಂದ ಆಕೆ, ಕಚೇರಿಯ ಕಿಟಕಿಗೆ ಮುಖ ಆನಿಸಿ, "ಮೂರ್ನೇ ಸಲ ಬರ್ದೋಳೂ ನಾನೇ ಅಲ್ವಾ ಸಾ? ಅದ್ನ ಯಾಕ್ ನೋಡಲ್ಲ? ಇಂಗಾದ್ರೆ ನಾನ್ ಓದಿದ್ದು ಎಲ್ಲೋಯ್ತು?" ಎಂದು ಕೇಳಿದ ಪರಿಣಾಮ ಸಿಬ್ಬಂದಿಯ ಕಾಫಿ ಆರಿಹೋಗಿರುತ್ತದೆ. ಇಂತಹ ಅನಾಹುತ ಮರುಕಳಿಸದಂತೆ ಕೆಳಕಂಡ ನಿಯಮಗಳನ್ನು ಜಾರಿಗೊಳಿಸಲಾಗಿದೆ.

1. ಮೊದಲ ಅಂಕಪಟ್ಟಿಯನ್ನು ಫೈಲಿನ ತಳಕ್ಕೆ ಟ್ಯಾಗ್ ಹಾಕಿ ಕಟ್ಟಲಾಗುವುದರಿಂದ ಅದೊಂದೇ ಮೂಲ ದಾಖಲೆ. ಅದರ ನಂತರ ಬಂದ ಅಂಕಗಳನ್ನು ಅಭ್ಯರ್ಥಿಯ ಸ್ವಂತ ಅಭಿಪ್ರಾಯವೆಂದು ಭಾವಿಸತಕ್ಕದ್ದು.

2. ಎರಡನೇ ಬಾರಿ ಹೆಚ್ಚು ಅಂಕ ತೆಗೆಯುವುದು, ಮೊದಲ ಬಾರಿ ಕಡಿಮೆ ಕೊಟ್ಟ ಉಪನ್ಯಾಸಕರಿಗೆ ಮಾಡಿದ ಅಗೌರವ. ಮೂರನೇ ಬಾರಿಯೂ ಹೆಚ್ಚಾದಲ್ಲಿ, ಅಭ್ಯರ್ಥಿಯು ನಡುವೆ ಓದಿರಬಹುದೆಂಬ ಬಲವಾದ ಗುಮಾನಿಯ ಮೇಲೆ ವಿಚಾರಣೆ ನಡೆಸಲಾಗುವುದು.

3. ಆಡಳಿತ ಮಂಡಳಿಯ ಸದಸ್ಯರ ಮಕ್ಕಳಿಗೆ ಮೇಲಿನವು ಅನ್ವಯಿಸುವುದಿಲ್ಲ. ಅವರು ಬರೆದಷ್ಟೂ ಪರೀಕ್ಷೆಗಳ ಅಂಕಗಳನ್ನು ಕೂಡತಕ್ಕದ್ದು. ಮೊತ್ತ ನೂರು ದಾಟಿದರೆ ಮಿಕ್ಕಿದ್ದನ್ನು ಅವರ ತಮ್ಮನಿಗಾಗಿ ಬೀರುವಿನಲ್ಲಿ ಇಡತಕ್ಕದ್ದು. ತಮ್ಮ ಇನ್ನೂ ಹುಟ್ಟಿಲ್ಲವಾದರೆ ಕಚೇರಿಯು ತಾಳ್ಮೆಯಿಂದ ಕಾಯತಕ್ಕದ್ದು.

4. ಸೊಣ್ಣಮ್ಮ ತನ್ನ 81 ಅಂಕಗಳನ್ನು ಕೌಂಟರಿಗೆ ಒಪ್ಪಿಸಿ, ಅವು ಕೈತಪ್ಪಿ ಬಂದವೆಂದು ಬರೆದುಕೊಟ್ಟು, ಕಾಫಿಯ ಬಗ್ಗೆ ಪ್ರತ್ಯೇಕವಾಗಿ ವಿಷಾದ ಸೂಚಿಸತಕ್ಕದ್ದು.

ಸಹಿ/-
ಪ್ರವೇಶಾಧಿಕಾರಿ
(ರಜೆಯಲ್ಲಿರುವುದರಿಂದ ಅವರ ಪರವಾಗಿ ಅವರೇ)

ಪ್ರತಿಗಳು:
ಅ) ನೋಟಿಸ್ ಬೋರ್ಡಿಗೆ, ಏಣಿಯಿಲ್ಲದೆ ಓದಲಾಗದ ಎತ್ತರದಲ್ಲಿ.
ಆ) 38 ಕೊಟ್ಟ ಉಪನ್ಯಾಸಕ ವೇಣುಗೋಪಾಲ ಅವರಿಗೆ, ಅಗೌರವಕ್ಕೊಳಗಾದ ಬಗ್ಗೆ ಮಾಹಿತಿಗಾಗಿ. ತಮಗೆ ಹಾಗೇನೂ ಅನಿಸಿಲ್ಲವೆಂದು ಅವರು ತಿಳಿಸಿದ್ದು, ಹಾಗೆ ಅನಿಸಲು ಒಂದು ವಾರ ಕಾಲಾವಕಾಶ ನೀಡಲಾಗಿದೆ.
ಇ) ಕು. ಸೊಣ್ಣಮ್ಮಳಿಗೆ, ಪಾಲಿಸಲು. ಪಾಲಿಸಿಲ್ಲ. "ಸೀಟ್ ಕೊಡೋಗಂಟ ಏಳಲ್ಲ" ಎಂದು ಕಚೇರಿಯ ಹೊಸ್ತಿಲಲ್ಲಿ ಕುಳಿತಿರುತ್ತಾಳೆ.
ಈ) ಜವಾನ ವಹಾಬ್ ಅವರಿಗೆ, ಆಕೆಯನ್ನು ಎಬ್ಬಿಸಿ ಗೇಟಿನಾಚೆ ಬಿಡಲು. ಸದರಿಯವರು ತಾವು ಕೂರುವ ಸ್ಟೂಲನ್ನು ಆಕೆಗೆ ಹಾಕಿಕೊಟ್ಟು, "ನಾನಂತೂ ಎಬ್ಬಿಸಲ್ಲ ಸಾರ್, ಬೇಕಾದ್ರೆ ನೀವೇ ಬಂದು ಎಬ್ಬಿಸ್ಕೊಳ್ಳಿ" ಎಂದಿರುತ್ತಾರೆ.