ಕುರ್ಚಿಯ ದಣಿವು

ಹೋದ ಸಲ ಆನೆಯಂಥ ಮಾವನವರನ್ನು ಹೊತ್ತು ಕಿಮಕ್ ಎನ್ನದ ಕಬ್ಬಿಣದ ಕುರ್ಚಿ, ಇಂದು ಕಡ್ಡಿಯಂಥ ಅತ್ತೆ ಊಟಕ್ಕೆ ಕೂರುತ್ತಲೇ ಟಣ್ ಎಂದು ಹಿಂಗಾಲು ಮುರಿದುಕೊಂಡರೆ ಅದು ಯಾವ ನ್ಯಾಯ? ಅತ್ತೆಯ ಮೈಗೆ ಪೆಟ್ಟಾಗಲಿಲ್ಲ, ಮಾನಕ್ಕೆ ಆಯಿತು. (ಅದಕ್ಕೆ ಮುಲಾಮು ಸಿಗುವುದಿಲ್ಲ.) ತಾನು ಇಷ್ಟು ದಪ್ಪಗಾದದ್ದನ್ನು ಯಾರೂ ಹೇಳಲಿಲ್ಲವೆಂದು ಅವರು ತಟ್ಟೆ ದೂರ ಸರಿಸಿ, ಇನ್ನು ಊಟ ಬಿಟ್ಟೆ, ನಾಳೆಯೇ ಹೊರಟೆ ಎಂದು ಘೋಷಿಸಿದರು. ಅಮ್ಮ ಉಣ್ಣದ ಮನೆಯಲ್ಲಿ ಯಾರಿಗೂ ಊಟವಿಲ್ಲವೆಂದು ಹೆಂಡತಿ ಪಾತ್ರೆಗಳನ್ನು ಮುಚ್ಚಿದಳು.

ಅಳಿಯನ ಹೊಟ್ಟೆ ತಾಳ ಹಾಕುತ್ತಿತ್ತು. ಅವನೋ ಎಂಜಿನಿಯರ್. ಪ್ರಯೋಗಾಲಯದಲ್ಲಿ ಉಕ್ಕಿನ ಸರಳುಗಳನ್ನು ಯಂತ್ರಕ್ಕೆ ಸಿಕ್ಕಿಸಿ, ಮುರಿಯುವ ತನಕ ಆಚೆ ಈಚೆ ಬಗ್ಗಿಸುವುದೇ ಅವನ ಉದ್ಯೋಗ. ಟಾರ್ಚು ಹಿಡಿದು ಕುಕ್ಕರಗಾಲಿನಲ್ಲಿ ಕೂತು ಕುರ್ಚಿಯ ಮರಣೋತ್ತರ ಪರೀಕ್ಷೆಗೆ ತೊಡಗಿದ.

"ಅತ್ತೆ, ಇದು ನಿಮ್ಮ ಭಾರಕ್ಕೆ ಮುರಿದದ್ದಲ್ಲ. ದಣಿವಿಗೆ ಮುರಿದದ್ದು."

"ಕೂತೋರ ದಣಿವು ಆರಿಸೋ ಕುರ್ಚಿಗೇ ದಣಿವಾ?"

ಅವನು ವಿವರಿಸಿದ. ದೊಡ್ಡ ಭಾರವನ್ನು ಲೋಹ ಒಮ್ಮೆ ತಡೆದುಕೊಂಡೀತು. ಆದರೆ ಚಿಕ್ಕ ಭಾರವೇ ಮತ್ತೆ ಮತ್ತೆ ಬಿದ್ದರೆ ಬೆಸುಗೆಯ ಬಳಿ ಕೂದಲೆಳೆಯಷ್ಟು ಬಿರುಕು ಹುಟ್ಟಿ, ಪ್ರತಿ ಸಲವೂ ಒಂದಿಷ್ಟು ಬೆಳೆಯುತ್ತದೆ. ಕಡೆಗೆ ಕೂತವರಿಗೆ ಕೆಟ್ಟ ಹೆಸರು. ಮುರಿದ ಜಾಗ ನೋಡಿ: ಚಿಪ್ಪಿನ ಮೇಲಿನಂಥ ಗೆರೆಗಳಿರುವ ಈ ನುಣುಪು ಭಾಗವೆಲ್ಲ ಹಳೆಯ ಬಿರುಕು, ಮೂಲೆಯಲ್ಲಿ ಒರಟಾಗಿ ಹೊಳೆಯುವ ಈ ಉಗುರಿನಷ್ಟು ಮಾತ್ರ ಇಂದಿನದು.

ಅತ್ತೆ ಕನ್ನಡಕ ಹಾಕಿಕೊಂಡು ತಮ್ಮ ಪಾಲಿನ ಪಾಪವನ್ನು ಪರಿಶೀಲಿಸಿದರು. ತೃಪ್ತರಾಗಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅಳಿಯ ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು.

"ಮುಂದಿನ ಕಾಲು ಬಿಟ್ಟು ಹಿಂದಿನದೇ ಯಾಕೆ ಮುರೀತು?" ಎಂದಳು ಹೆಂಡತಿ.

ಮದುವೆಯಾದಾಗಿನಿಂದ ಅವನ ವಿದ್ಯೆಯ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ. ಅವನು ಉಬ್ಬಿಹೋದ.

"ಒಳ್ಳೆ ಪ್ರಶ್ನೆ. ಯಾರೋ ದಿನಾ ಮುಂಗಾಲು ಎತ್ತಿಕೊಂಡು, ಹಿಂದಕ್ಕೆ ವಾಲಿ, ಫೋನಲ್ಲಿ ಹರಟ್ತಾ ತೂಗಾಡಿದ್ದಾರೆ. ಆಗ ಇಡೀ ಭಾರ..."

ಅವನ ಕೈ ತಾನಾಗಿಯೇ ಜೇಬಿನಲ್ಲಿದ್ದ ತನ್ನ ಫೋನನ್ನು ಮುಚ್ಚಿ ಹಿಡಿಯಿತು.

"ಹೇಳಿ, ಇಡೀ ಭಾರ?" ಎಂದಳು ಅವಳು, ಬೆಣ್ಣೆಯಂತೆ. "ಯಾರದು?"

ಅತ್ತೆ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ತೂಗಿ ನೋಡಿದರು. ಉಳಿದಿದ್ದ ಎರಡು ಕುರ್ಚಿಗಳಲ್ಲಿ ತಾಯಿ ಮಗಳು ಆರಾಮಾಗಿ ಕೂತರು.

"ಹೇಗೂ ಅಳಿಯಂದಿರು ನಿಂತೇ ಇದ್ದಾರಲ್ಲ," ಎಂದರು ಅತ್ತೆ, "ಅವರೇ ಬಡಿಸಲಿ ಬಿಡು."

ಕುರ್ಚಿ ಕಳೆದುಕೊಂಡವನ ಮಾತು ಎಲ್ಲಿ ನಡೆದೀತು? ಅವನು ಸೌಟು ಹಿಡಿದ.