ಪಥ್ಯದಲ್ಲಿರುವ ಪೇಢಾ ಅವರ ಸನ್ನಿಧಿಗೆ

ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಫ್ಲ್ಯಾಟಿನ ಏಕೈಕ ಒಡೆಯರೂ, ಸೋಫಾದ ಸಮಸ್ತ ಆಸನಗಳ ಹಕ್ಕುದಾರರೂ, ನಮ್ಮನ್ನೆಲ್ಲ ಬಾಡಿಗೆ ಕೇಳದೆ ಇಲ್ಲಿ ಇರಗೊಟ್ಟಿರುವ ದಯಾಳುಗಳೂ ಆದ ಬೆಕ್ಕುರಾಯರಿಗೆ,

ಮಾನ್ಯರೇ,

ತಮ್ಮ ಮೀಸೆ, ಬಾಲ ಮತ್ತು ಯಕೃತ್ತು ಕ್ಷೇಮವೆಂದು ನಂಬಿ, ತಮ್ಮ ಸೇವಕಿ ವಾಸಂತಿ ತಲೆಬಾಗಿ ಬರೆದುಕೊಳ್ಳುವ ದೂರು. ಓಖ್ಲಾದ ಉಡುಪು ರಫ್ತು ಕಚೇರಿಯೊಂದರಲ್ಲಿ ಕುಳಿತು, ಗುಂಡಿ ಕಿತ್ತುಬಂದ ಅಂಗಿಗಳ ಬಗ್ಗೆ ವಿದೇಶದ ಗಿರಾಕಿಗಳು ಬರೆಯುವ ಬೈಗುಳಗಳಿಗೆ ದಿನವಿಡೀ ವಿನಯದ ಉತ್ತರ ಕೊಡುವವಳು ನಾನು. ಒಮ್ಮೆಯಾದರೂ ದೂರು ಕೊಡುವವರ ಕಡೆ ಕೂರಬೇಕೆಂಬ ನನ್ನ ಬಹುದಿನದ ಆಸೆಯನ್ನು ತಾವು ಈಡೇರಿಸಿದ್ದೀರಿ, ಅದಕ್ಕೆ ಮೊದಲ ವಂದನೆ. ನಮ್ಮ ಮನೆಯಲ್ಲಿ ತಮಗೆ ಊಟವನ್ನೇ ಹಾಕುವುದಿಲ್ಲವೆಂದು ತಾವು ಈ ಮಹಡಿಯ ಪ್ರತಿಯೊಂದು ಬಾಗಿಲ ಮುಂದೆ ಕೂಗಿ ಸಾರಿ ಬಂದಿರುವುದರಿಂದ, ನೆರೆಹೊರೆಯವರಿಗೂ ಸತ್ಯ ತಿಳಿಯಲೆಂದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಚಳಿಗಾಲದಲ್ಲಿ ತಾವು ತಿಂದದ್ದನ್ನೆಲ್ಲ ಕಾರ್ಪೆಟ್ಟಿಗೆ ಅರ್ಪಿಸತೊಡಗಿ, ಮೈ ಇಳಿದುಹೋಗಿ, ಕಿವಿಯ ಒಳಭಾಗ ಅರಿಶಿನ ಹಚ್ಚಿದಂತೆ ಹಳದಿಯಾದಾಗ, ಪರೀಕ್ಷಿಸಿದ ಡಾಕ್ಟರ್ ಮೇಡಂ, ಕರುಳು ಯಕೃತ್ತು ಎರಡೂ ಕೆಟ್ಟಿವೆ, ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಔಷಧಿಯ ಜೊತೆ ಪಥ್ಯ ಮಾಡಿಸಿ ಹದ್ದುಬಸ್ತಿನಲ್ಲಿಡಬೇಕು ಎಂದರು. ಅವರು ಬರೆದುಕೊಟ್ಟ ಡಬ್ಬಿಯ ಆಹಾರ, ಅದೂ ಸ್ವಲ್ಪ ಸ್ವಲ್ಪವಾಗಿ ಹಲವು ಸಲ; ಅದರ ಹೊರತು ಬೇರೆ ಒಂದು ಚೂರೂ ಬಾಯಿಗೆ ಬೀಳಕೂಡದು. ಹಸಿದರೆ ತಾನೇ ತಿನ್ನುತ್ತದೆ ಎಂದು ಸುಮ್ಮನೆ ಕೂರುವಂತೆಯೂ ಇಲ್ಲ, ಒಂದೆರಡು ದಿನ ಊಟ ಬಿಟ್ಟರೆ ಬೆಕ್ಕಿನ ಯಕೃತ್ತು ಇನ್ನಷ್ಟು ಕೆಡುತ್ತದಂತೆ. ಈ ಗುಟ್ಟನ್ನು ತಮಗೆ ಯಾರು ಹೇಳಿಕೊಟ್ಟರೋ ಕಾಣೆ. ಅಂದಿನಿಂದ ತಾವು ತಟ್ಟೆಯನ್ನು ಮೂಸಿ, ಮಣ್ಣು ಮುಚ್ಚುವವರಂತೆ ಟೈಲ್ಸ್ ಕೆರೆದು, ಕಿಟಕಿಯಲ್ಲಿ ಬೆನ್ನು ತಿರುಗಿಸಿ ಕೂರುವುದೂ, ನಾನು ಆ ಊಟವನ್ನು ಬೆಚ್ಚಗೆ ಮಾಡಿ ಬೆರಳ ತುದಿಯಲ್ಲಿ ಹಿಡಿದು ‘ಒಂದೇ ತುತ್ತು ಕಣೋ, ನಮ್ಮಪ್ಪಾ’ ಎಂದು ಗೋಗರೆಯುವುದೂ ನಡೆದಿದೆ. ಮಗಳು ಹಂಸಿನಿಗೂ ನಾನು ಹೀಗೆ ತುತ್ತಿಟ್ಟಿರಲಿಲ್ಲ. ಅದನ್ನವಳು ದಿನಾ ಹಿಂದಿಯಲ್ಲಿ ನೆನಪಿಸುತ್ತಾಳೆ.

ಇಷ್ಟೆಲ್ಲ ಆಗಿ ತಾವು ಚೇತರಿಸಿಕೊಳ್ಳುತ್ತಿರುವಾಗ, ತಮ್ಮ ಚಾತುರ್ಯದ ಶಿಖರವೆನ್ನಬಹುದಾದ ಹಾಲಿನ ಪ್ರಕರಣ ನಡೆಯಿತು. ನಾನು ಕಚೇರಿಯಲ್ಲಿದ್ದ ಹೊತ್ತಿನಲ್ಲಿ ಡಾಕ್ಟರ್ ಮೇಡಂ ಮನೆಗೆ ಫೋನ್ ಮಾಡಿ ತಮ್ಮ ಕುಶಲ ವಿಚಾರಿಸಿದ್ದಾರೆ. ತಿಪಟೂರಿನಿಂದ ಈಚೆಗಷ್ಟೇ ಬಂದ ನನ್ನ ಅತ್ತೆ ಸುಶೀಲಮ್ಮನವರು, ಕಲಿತಷ್ಟು ಹಿಂದಿಯಲ್ಲಿ ‘ಖಾತಾ ಹೈ, ಸೋತಾ ಹೈ’, ತಿನ್ನುತ್ತಾನೆ, ಮಲಗುತ್ತಾನೆ, ಎಂದಿದ್ದಾರೆ. ಮೇಡಂ ಸಂತೋಷದಿಂದ ‘ಹಾಲ್ ಅಚ್ಛಾ ಹೈ, ಐಸೇ ಹೀ ಚಲ್ನೇ ದೋ’ ಎಂದಿದ್ದಾರೆ. ಸ್ಥಿತಿ ಚೆನ್ನಾಗಿದೆ, ಹೀಗೇ ನಡೆಯಲಿ ಎಂಬ ಆ ಮಾತು ಅತ್ತೆಯ ಕನ್ನಡದ ಕಿವಿಗೆ, ಹಾಲು ಒಳ್ಳೆಯದು, ಅದೇ ನಡೆಯಲಿ ಎಂದು ಕೇಳಿಸಿತು. ಡಾಕ್ಟರ ಮಾತನ್ನು ಮೀರುವವರೇ ಅವರು? ಕಾಯಿಸಿ ಆರಿಸಿದ ಹಾಲು ಕೆನೆಸಮೇತ ಬಟ್ಟಲಿಗೆ ಬಂತು. ದೆಹಲಿಯ ಕಡೆಯೇ ಹುಟ್ಟಿ ಕನ್ನಡದ ಮನೆಯಲ್ಲಿ ಬೆಳೆದ, ಎರಡೂ ಭಾಷೆ ಬಲ್ಲ ತಾವು ಆ ತಪ್ಪನ್ನು ಒಂದೇ ಮಾತಿನಲ್ಲಿ ತಿದ್ದಬಹುದಿತ್ತು. ಆದರೆ ತಾವು ಬಾಯಿ ಬಿಟ್ಟದ್ದು ಹಾಲು ನೆಕ್ಕಲು ಮಾತ್ರ.

ವಾರ ಕಳೆಯುವುದರೊಳಗೆ ವಾಂತಿ ಭೇದಿ ಮರಳಿ, ಕಿವಿ ಮತ್ತೆ ಹಳದಿಗಟ್ಟಿ, ತಾವು ಮಂಚದ ಕೆಳಗೆ ಸೇರಿಕೊಂಡಿರಿ. ಡಬ್ಬಿ ಸರಿಯಿಲ್ಲವೋ ಔಷಧಿ ಸರಿಯಿಲ್ಲವೋ ಎಂದು ನಾವು ಪೇಚಾಡುತ್ತಿರುವಾಗ, ಅತ್ತೆ ‘ಡಾಕ್ಟರೇ ಹೇಳಿದ ಹಾಲೂ ಒಗ್ಗಲಿಲ್ವಲ್ಲೇ’ ಎಂದು ಕಣ್ಣೊರೆಸಿಕೊಂಡರು. ‘ಅಯ್ಯೋ ಅಜ್ಜಿ, ಹಾಲ್ ಮತ್ಲಬ್ ಕಂಡಿಶನ್! ದೂಧ್ ನಹೀ!’ ಎಂದು ಹಂಸಿನಿ ಕಿರುಚಿದಾಗ ನಮಗೆ ನಗು ಬಂದುಬಿಟ್ಟಿತು. ಅತ್ತೆ ಮಾತ್ರ ನಗಲಿಲ್ಲ. ‘ನನ್ನ ಕೈಯಾರೆ ವಿಷ ಹಾಕಿಬಿಟ್ಟೆನಲ್ಲೇ ವಾಸಂತಿ’ ಎಂದು ಅಳುತ್ತಾ, ಆ ಮಂಡಿನೋವಿನಲ್ಲೂ ನೆಲಕ್ಕೆ ಬಾಗಿ ಮಂಚದ ಕೆಳಗೆ ಕೈಚಾಚಿದರು. ತಾವು ಹೊರಗೆ ಬರಲಿಲ್ಲ. ಮಾನ್ಯರೇ, ತಮ್ಮನ್ನು ಕಳೆದುಕೊಂಡೇಬಿಡುತ್ತೇವೆ ಎಂದು ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ದೂರಿನ ಪತ್ರದಲ್ಲಿ ಇಂಥದ್ದನ್ನು ಬರೆಯಬಾರದು, ಆದರೂ ಬರೆದಿದ್ದೇನೆ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು, ಕಾಂಪೌಂಡರ್ ಭಯ್ಯಾನ ಕೈಗೆ ಉಗುರಿನಿಂದ ಸಹಿ ಹಾಕಿ ತಾವು ಮನೆಗೆ ಮರಳಿದ ಮೇಲೆ, ಅತ್ತೆಯೇ ಪಥ್ಯದ ದಂಡನಾಯಕಿ. ಮಲಗುವ ಮುನ್ನ ಕುಡಿಯುವ ಅರಿಶಿನದ ಹಾಲನ್ನು ಅವರೀಗ ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಕುಡಿಯುತ್ತಾರೆ, ಹಂಸಿನಿ ಪನೀರ್ ಪರಾಠ ತಿನ್ನುವುದು ಲಿಫ್ಟಿನ ಪಕ್ಕ ನಿಂತು, ನಾನಂತೂ ಮೊಸರನ್ನಕ್ಕೆ ಕಳ್ಳಿಯಂತೆ ಬಾಲ್ಕನಿ ಸೇರುತ್ತೇನೆ. ಇದಕ್ಕೆ ಪ್ರತಿಯಾಗಿ ತಮ್ಮಿಂದ ಬಯಸುವುದು ಅತ್ಯಲ್ಪ: ಉಪವಾಸ ಸತ್ಯಾಗ್ರಹಕ್ಕೆ ಕೂರುವ ಮುನ್ನ ತಾವು ನೋಟಿಸು ಕೊಡಬೇಕು, ವಾಂತಿ ಅನಿವಾರ್ಯವಾದರೆ ರೇಷ್ಮೆ ಸೀರೆಯನ್ನು ಬಿಟ್ಟು ಟೈಲ್ಸ್ ಕಡೆ ಒಲವು ತೋರಬೇಕು, ಪಕ್ಕದ ಮನೆಯ ಆಂಟಿ ಮಲಾಯಿ ಹಿಡಿದು ಕರೆದರೆ, ಕ್ಷಮಿಸಿ, ಪಥ್ಯದಲ್ಲಿದ್ದೇನೆ ಎಂದು ಶುದ್ಧ ಹಿಂದಿಯಲ್ಲಿ ನಿರಾಕರಿಸಬೇಕು, ಮತ್ತು ಇನ್ನು ಮುಂದೆ ಡಾಕ್ಟರ್ ಫೋನನ್ನು ದಯವಿಟ್ಟು ತಾವೇ ಎತ್ತಬೇಕು. ನಾಳೆ ರಕ್ತಪರೀಕ್ಷೆಯಿದೆ, ಅತ್ತೆ ಬೆಳಗಿನಿಂದ ತಮ್ಮ ತಟ್ಟೆಯನ್ನೇ ಬಗ್ಗಿ ಬಗ್ಗಿ ನೋಡುತ್ತಿದ್ದಾರೆ, ಇವತ್ತಾದರೂ ಅವರ ಎದುರು ತಟ್ಟೆ ಖಾಲಿ ಮಾಡಿ.

ಊಟ ಬೆಚ್ಚಗಿರುವಾಗಲೇ ದಯಮಾಡಿಸಬೇಕೆಂದು ಕೋರುವ,

ತಮ್ಮ ವಿಶ್ವಾಸಿ,
ವಾಸಂತಿ

ಬಾಲಂಗೋಚಿ: ರಿಪೋರ್ಟ್ ಬಂತು. ಯಕೃತ್ತು ಹತೋಟಿಗೆ ಬಂದಿದೆ, ಆದರೆ ಊಟ ಮಾತ್ರ ‘ಜಿಂದಗಿ ಭರ್’, ಅಂದರೆ ಜೀವನಪೂರ್ತಿ, ಇದೇ ಡಬ್ಬಿಯದು ಎಂದರು ಡಾಕ್ಟರ್ ಮೇಡಂ. ಆಸ್ಪತ್ರೆಗೆ ಹೊತ್ತೊಯ್ದ ಬುಟ್ಟಿಯೊಳಗೇ ತಾವು ಮುಖ ತಿರುಗಿಸಿದಿರಿ. ಅತ್ತೆ ನನ್ನ ದುಪಟ್ಟಾ ಜಗ್ಗಿ, ‘ಜಿಂದಗಿ ಭರ್ ಅಂದ್ರೆ, ಇನ್ನೂ ಬಹಳ ವರ್ಷ ಇರ್ತಾನೆ ಅಂತ ತಾನೇ?’ ಎಂದು ಕೇಳಿದರು. ಹೌದು ಅತ್ತೆ, ಎಂದೆ. ಅಷ್ಟೂ ವರ್ಷ ತಾವು ತಪ್ಪದೆ ಹೀಗೇ ಮೂಗು ಮುರಿಯುತ್ತಿರಬೇಕೆಂದು ವಿನಂತಿ.